ಕೂದಲೆಳೆ ಆಫ್‌ಸೈಡ್‌ಗೆ ಗೋಲು ಯಾಕೆ ರದ್ದಾಗಬೇಕು?

2022ರ ನವೆಂಬರ್ 22ರಂದು ಕತಾರ್‌ನ ಲುಸೈಲ್ ಸ್ಟೇಡಿಯಂನಲ್ಲಿ ಸೌದಿ ಅರೇಬಿಯಾ ತಂಡ ಅರ್ಜೆಂಟೀನಾವನ್ನು 2-1 ಗೋಲುಗಳಿಂದ ಸೋಲಿಸಿತು. ಅದಕ್ಕೂ ಮೊದಲು ಅರ್ಜೆಂಟೀನಾ ಸತತ 36 ಪಂದ್ಯಗಳಲ್ಲಿ ಸೋತಿರಲಿಲ್ಲ. ಮುಂದೆ ಆ ವಿಶ್ವಕಪ್ ಗೆದ್ದದ್ದೂ ಅದೇ ತಂಡ. ಗೆಲುವಿನ ಗೋಲು ಹೊಡೆದ ಸಾಲೆಮ್ ಅಲ್ ದೌಸರಿ ಮೈದಾನದಲ್ಲಿ ಪಲ್ಟಿ ಹೊಡೆದದ್ದನ್ನು ಮಾಡಿ ತೋರಿಸುವವರು ನಮ್ಮ ಕಾಲೇಜಿನಲ್ಲಿ ಇವತ್ತಿಗೂ ಇದ್ದಾರೆ.

ಎರಡನೇ ಅರ್ಧದ ಆ ಎರಡು ಗೋಲುಗಳು ಎಲ್ಲರಿಗೂ ನೆನಪಿವೆ. ಆದರೆ ಪಂದ್ಯ ಉಳಿದದ್ದು ಮೊದಲ ಅರ್ಧದಲ್ಲಿ. ಮೆಸ್ಸಿಯ ಪೆನಾಲ್ಟಿಯಿಂದ ಅರ್ಜೆಂಟೀನಾ ಆಗಲೇ 1-0 ಮುಂದಿತ್ತು. ಆಮೇಲೆ ಮೆಸ್ಸಿ ಒಂದು ಸಲ, ಲೌಟಾರೊ ಮಾರ್ಟಿನೆಜ್ ಎರಡು ಸಲ ಚೆಂಡನ್ನು ಬಲೆಗೆ ಸೇರಿಸಿದರು. ಮೂರೂ ಗೋಲು ಆಫ್‌ಸೈಡ್ ಎಂದು ರದ್ದಾದವು. ಅವುಗಳಲ್ಲಿ ಲೌಟಾರೊನ ಒಂದು ಗೋಲು ಎಷ್ಟು ಸಣ್ಣ ಅಂತರದ್ದೆಂದರೆ, ವಿಡಿಯೊ ಪರಿಶೀಲನೆ ಇಲ್ಲದಿದ್ದರೆ ಅದು ಗೋಲೇ ಆಗಿ ಉಳಿಯುತ್ತಿತ್ತು.

ಈ ವಿಷಯ ಬಂದಾಗಲೆಲ್ಲ ನಮ್ಮ ತರಗತಿ ಎರಡು ಪಕ್ಷವಾಗುತ್ತದೆ. ಒಂದು ಪಕ್ಷದ ಪ್ರಕಾರ ವಿಎಆರ್, ಅಂದರೆ ವಿಡಿಯೊ ಅಸಿಸ್ಟೆಂಟ್ ರೆಫರಿ ಬಂದ ಮೇಲೆ ಆಟದ ಮಜವೇ ಹೋಯಿತು. ಗೋಲು ಹೊಡೆದ ಮೇಲೆ ಕುಣಿಯಲೂ ಭಯ. ಇನ್ನೊಂದು ಪಕ್ಷದ ಪ್ರಕಾರ ಆಫ್‌ಸೈಡ್ ಅಂದರೆ ಆಫ್‌ಸೈಡ್. ಒಂದು ಮೀಟರ್ ಆದರೇನು, ಒಂದು ಸೆಂಟಿಮೀಟರ್ ಆದರೇನು, ನಿಯಮ ನಿಯಮವೇ.

ನನಗೆ ಎರಡೂ ಪೂರ್ತಿ ಸರಿ ಅನಿಸುವುದಿಲ್ಲ. ವಿಡಿಯೊ ಇರಬೇಕು. ಆದರೆ ಯಂತ್ರ ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲದೋ ಅದಕ್ಕಿಂತ ಸೂಕ್ಷ್ಮವಾಗಿ ತೀರ್ಪು ಕೊಡಬಾರದು. ಅನುಮಾನದ ಅಂತರ ಎಂದು ಒಂದನ್ನು ಮೊದಲೇ ಗುರುತಿಸಬೇಕು. ಅದರೊಳಗೆ ಬಂದ ಗೋಲಿಗೆ ಮೈದಾನದಲ್ಲಿ ಕೊಟ್ಟ ತೀರ್ಪೇ ಉಳಿಯಬೇಕು. ಕ್ರಿಕೆಟ್ ನೋಡುವ ಎಲ್ಲರಿಗೂ ಇದು ಗೊತ್ತು. ಅಲ್ಲಿ ಇದಕ್ಕೆ ‘ಅಂಪೈರ್ಸ್ ಕಾಲ್’ ಎನ್ನುತ್ತಾರೆ. ಫುಟ್‌ಬಾಲ್‌ಗೆ ಅದು ಯಾಕೆ ಬೇಕು ಎಂದು ಹೇಳಲು ಈ ಲೇಖನ.

ನಿಯಮ ಏನು ಹೇಳುತ್ತದೆ?

ಆಫ್‌ಸೈಡ್ ಬಗ್ಗೆ ಜಗಳ ಆಡುವವರಲ್ಲಿ ಅರ್ಧ ಜನಕ್ಕೆ ನಿಯಮವೇ ಪೂರ್ತಿ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲು ಅದನ್ನು ನೋಡೋಣ. ತನ್ನ ತಂಡದವನು ಚೆಂಡನ್ನು ಒದ್ದ ಕ್ಷಣದಲ್ಲಿ, ಎದುರಾಳಿಯ ಅರ್ಧ ಮೈದಾನದಲ್ಲಿರುವ ಆಟಗಾರನ ತಲೆ, ಮೈ ಅಥವಾ ಕಾಲಿನ ಯಾವುದಾದರೂ ಭಾಗ ಎದುರಾಳಿಯ ಗೋಲ್ ಗೆರೆಗೆ ಚೆಂಡಿಗಿಂತಲೂ ಹತ್ತಿರ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಹತ್ತಿರ ಇದ್ದರೆ ಅವನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್ ಆಗಿರುತ್ತಾನೆ. ಆದ್ದರಿಂದ ನಾವು ನೋಡುವುದು ಕೊನೆಯ ಡಿಫೆಂಡರನ್ನು.

ಕೈ ಮತ್ತು ತೋಳು ಲೆಕ್ಕಕ್ಕಿಲ್ಲ. ಕಂಕುಳಿನ ಕೆಳ ಅಂಚಿನ ಮಟ್ಟಕ್ಕಿಂತ ಮೇಲಿನದು ಭುಜ, ಅದು ಲೆಕ್ಕಕ್ಕಿದೆ. ಥ್ರೋ ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಇನ್ನೊಂದು ಮುಖ್ಯ ವಿಷಯ: ಆಫ್‌ಸೈಡ್ ಸ್ಥಾನದಲ್ಲಿ ನಿಂತರೆ ತಪ್ಪಲ್ಲ, ಅಲ್ಲಿದ್ದುಕೊಂಡು ಆಟದಲ್ಲಿ ಭಾಗವಹಿಸಿದರೆ ಮಾತ್ರ ತಪ್ಪು.

ಈ ನಿಯಮ ಇರುವುದು ಯಾಕೆ? ಯಾರೂ ಎದುರಾಳಿಯ ಗೋಲಿನ ಬಳಿ ಸುಮ್ಮನೆ ಕಾದು ನಿಂತು, ಉದ್ದ ಪಾಸ್ ಬಂದ ತಕ್ಷಣ ಚೆಂಡನ್ನು ಒಳಗೆ ತಳ್ಳಬಾರದು ಎಂದು. ನಮ್ಮ ಗಲ್ಲಿ ಆಟದಲ್ಲಿ ಗೋಲಿನ ಪಕ್ಕದಲ್ಲೇ ಬಿಡಾರ ಹೂಡುವವರು ಇರುತ್ತಾರಲ್ಲ, ಅವರಿಗಾಗಿ ಮಾಡಿದ ನಿಯಮ ಇದು. ಕಾಲ್ಬೆರಳು ಮುಂದೆ ಇದ್ದವನನ್ನು ಹಿಡಿಯಲು ಮಾಡಿದ್ದಲ್ಲ.

ಇತಿಹಾಸ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1866ರ ನಿಯಮದ ಪ್ರಕಾರ ಆಟಗಾರನ ಮುಂದೆ ಕನಿಷ್ಠ ಮೂವರು ಎದುರಾಳಿಗಳು ಇರಬೇಕಿತ್ತು. ಡಿಫೆಂಡರ್‌ಗಳು ಇದರ ಲಾಭ ಪಡೆದರು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್‌ಕ್ರಾಕೆನ್ ಅವರಂಥವರು ಸರಿಯಾದ ಸಮಯಕ್ಕೆ ಎರಡು ಹೆಜ್ಜೆ ಮುಂದೆ ಬಂದು ಎದುರಾಳಿಯನ್ನು ಆಫ್‌ಸೈಡ್ ಬಲೆಗೆ ಕೆಡವುತ್ತಿದ್ದರು. ಆಟ ನಿಂತು ನಿಂತು ನಡೆಯುವಂತಾಯಿತು. 1925ರಲ್ಲಿ ಮೂವರ ಬದಲು ಇಬ್ಬರು ಸಾಕು ಎಂದು ಬದಲಾಯಿಸಿದರು. ಇಂಗ್ಲೆಂಡಿನ ಫಸ್ಟ್ ಡಿವಿಷನ್‌ನಲ್ಲಿ ಹಿಂದಿನ ಋತುವಿನಲ್ಲಿ 1192 ಗೋಲು ಬಂದಿದ್ದವು, ಬದಲಾವಣೆಯ ನಂತರದ ಋತುವಿನಲ್ಲಿ 1703 ಬಂದವು. 1990ರಲ್ಲಿ ಇನ್ನೊಂದು ಬದಲಾವಣೆ: ಡಿಫೆಂಡರ್‌ನ ಸಮಕ್ಕೆ ಇದ್ದರೆ ಆಫ್‌ಸೈಡ್ ಅಲ್ಲ.

ಅಂದರೆ ನಿಯಮ ಮಾಡುವವರು ಈ ಎರಡು ಸಲವೂ ಆಟ ಕಟ್ಟಿಹಾಕುವವನ ಕಡೆ ನಿಲ್ಲದೆ ಗೋಲು ಹೊಡೆಯುವವನ ಕಡೆ ನಿಂತರು. ಈಗ ವಿಎಆರ್ ಏನು ಮಾಡಿದೆ ನೋಡಿ. ಯಾರೂ ನಿಯಮದ ಪುಸ್ತಕದಿಂದ ‘ಸಮ’ ಎಂಬ ಮಾತನ್ನು ತೆಗೆದಿಲ್ಲ. ಆದರೆ ಮಿಲಿಮೀಟರ್‌ನಲ್ಲಿ ಅಳೆದರೆ ಲೋಕದಲ್ಲಿ ಯಾರೂ ಯಾರ ಸಮಕ್ಕೂ ಇರುವುದಿಲ್ಲ. ಇಬ್ಬರು ಅಣ್ಣತಮ್ಮಂದಿರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೂ ಒಬ್ಬನ ಮೂಗು ಮುಂದಿರುತ್ತದೆ. 1990ರಲ್ಲಿ ಕೊಟ್ಟ ರಿಯಾಯಿತಿಯನ್ನು ಯಾವ ಸಭೆಯೂ ಇಲ್ಲದೆ, ಯಾವ ಮತದಾನವೂ ಇಲ್ಲದೆ ವಾಪಸ್ ತೆಗೆದುಕೊಂಡ ಹಾಗಾಯಿತು.

ಯಂತ್ರ ಎಷ್ಟು ಸರಿ?

ವಿಎಆರ್ ಅನ್ನು 2018ರ ಮಾರ್ಚ್‌ನಲ್ಲಿ ನಿಯಮಗಳಿಗೆ ಸೇರಿಸಲಾಯಿತು. ಅದೇ ವರ್ಷ ರಷ್ಯಾದ ವಿಶ್ವಕಪ್‌ನಲ್ಲಿ ಬಳಸಿದರು. ಪ್ರೀಮಿಯರ್ ಲೀಗ್‌ಗೆ 2019-20ರ ಋತುವಿನಲ್ಲಿ ಬಂತು. ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡ್ ತೋರಿಸಿದ್ದು – ಆಗ ಈ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಅದು ಮಧ್ಯೆ ಬರಬಹುದಿತ್ತು. ರೆಫರಿಯಿಂದ ‘ಎದ್ದು ಕಾಣುವ ತಪ್ಪು’ ಆಗಿದ್ದರೆ ಮಾತ್ರ ತಿದ್ದಬೇಕು ಎಂಬುದು ಮೂಲ ತತ್ವ. ಆದರೆ ಆಫ್‌ಸೈಡ್ ಸ್ಥಾನಕ್ಕೆ ಈ ತತ್ವ ಅನ್ವಯಿಸುವುದಿಲ್ಲ. ಅದು ಅಭಿಪ್ರಾಯವಲ್ಲ, ವಾಸ್ತವ ಎಂದು ಅವರ ವಾದ. ಇದ್ದಾನೆ ಅಥವಾ ಇಲ್ಲ, ಅಷ್ಟೇ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸಾಮಾನ್ಯ ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಎಂದುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ 0.02 ಸೆಕೆಂಡ್ ಅಂತರ. ವೇಗದ ಸ್ಟ್ರೈಕರ್ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಓಡಿದರೆ ಸೆಕೆಂಡಿಗೆ 10 ಮೀಟರ್ ಹೋಗುತ್ತಾನೆ. 0.02 ಸೆಕೆಂಡಿನಲ್ಲಿ 20 ಸೆಂಟಿಮೀಟರ್ ಹೋಗುತ್ತಾನೆ. ಅದೇ ಹೊತ್ತಿಗೆ ಡಿಫೆಂಡರ್ ವಿರುದ್ಧ ದಿಕ್ಕಿಗೆ ಓಡಿ ಬರುತ್ತಿದ್ದರೆ ಅಂತರ ಇನ್ನೂ ಹೆಚ್ಚು. ಪಾಸ್ ಕೊಟ್ಟವನ ಕಾಲು ಚೆಂಡಿಗೆ ಮೊದಲು ತಾಗಿದ ಕ್ಷಣ ಎರಡು ಚಿತ್ರಗಳ ನಡುವೆ ಬಿದ್ದಿದ್ದರೆ? ಆ ಕ್ಷಣದ ಚಿತ್ರವೇ ಇಲ್ಲ. ಇರುವ ಎರಡರಲ್ಲಿ ಒಂದನ್ನು ಮನುಷ್ಯ ಆರಿಸುತ್ತಾನೆ, ಅದರ ಮೇಲೆ ಗೆರೆ ಎಳೆಯುತ್ತಾನೆ. ಆಮೇಲೆ ನಾಲ್ಕು ಸೆಂಟಿಮೀಟರ್ ಆಫ್‌ಸೈಡ್ ಎಂದು ತೀರ್ಪು ಕೊಡುತ್ತಾನೆ. ಹತ್ತು ಕಿಲೋ ಕಲ್ಲಿಗಿಂತ ಸಣ್ಣ ಕಲ್ಲೇ ಇಲ್ಲದ ಈರುಳ್ಳಿ ಮಂಡಿಯ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಇದರ ಫಲವನ್ನು ಪ್ರೀಮಿಯರ್ ಲೀಗ್‌ನಲ್ಲಿ ನೋಡಿದ್ದೇವೆ. 2019ರ ನವೆಂಬರ್ 2ರಂದು ಆಸ್ಟನ್ ವಿಲ್ಲಾ ವಿರುದ್ಧ ಲಿವರ್‌ಪೂಲ್‌ನ ರಾಬರ್ಟೊ ಫಿರ್ಮಿನೊ ಗೋಲು ಕಂಕುಳಿನ ಅಂತರದಲ್ಲಿ ರದ್ದಾಯಿತು. 2020ರ ನವೆಂಬರ್ 7ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಲೀಡ್ಸ್‌ನ ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಹೊಡೆದ ಸಮಬಲದ ಗೋಲು ಹೋಯಿತು. ಅವನು ಮಾಡಿದ್ದೇನು? ಚೆಂಡು ಎಲ್ಲಿಗೆ ಬೇಕು ಎಂದು ತನ್ನ ತಂಡದವನಿಗೆ ಕೈ ಚಾಚಿ ತೋರಿಸುತ್ತಿದ್ದ. ಆ ಚಾಚಿದ ತೋಳಿನ ಮೇಲ್ಭಾಗ ಗೆರೆ ದಾಟಿತ್ತು. ಕೈ ತೋರಿಸಿದ್ದರಿಂದ ಅವನಿಗೆ ಯಾವ ಲಾಭ ಸಿಕ್ಕಿತು ಎಂದು ಯಾರಾದರೂ ಹೇಳಲಿ.

ಈಗ ಯಂತ್ರ ಸುಧಾರಿಸಿದೆ, ಅದು ನಿಜ. 2022ರ ವಿಶ್ವಕಪ್‌ನಲ್ಲಿ ಸ್ಟೇಡಿಯಂ ಚಾವಣಿಯ ಕೆಳಗೆ 12 ಕ್ಯಾಮೆರಾಗಳನ್ನು ಇಟ್ಟು, ಪ್ರತಿ ಆಟಗಾರನ ದೇಹದ 29 ಬಿಂದುಗಳವರೆಗೆ ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದರು. ಚೆಂಡಿನ ಒಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಒದ್ದ ಕ್ಷಣವನ್ನು ಕಣ್ಣಿನಿಂದ ಹುಡುಕುವ ಕೆಲಸ ತಪ್ಪಿತು. 2025ರ ಏಪ್ರಿಲ್‌ನಿಂದ ಪ್ರೀಮಿಯರ್ ಲೀಗ್ ಕೂಡ ಅರೆ-ಸ್ವಯಂಚಾಲಿತ ವ್ಯವಸ್ಥೆ ಬಳಸುತ್ತಿದೆ. ತಪ್ಪಿನ ಅಂತರ ಕಡಿಮೆಯಾಗಿದೆ. ಆದರೆ ಕಡಿಮೆ ಅಂದರೆ ಸೊನ್ನೆ ಅಲ್ಲ. ಆಟಗಾರನ ಬೂಟಿನ ತುದಿ, ಜೆರ್ಸಿಯ ಒಳಗಿನ ಭುಜದ ಅಂಚು – ಇವನ್ನು ಯಂತ್ರ ಚಿತ್ರಗಳಿಂದ ಲೆಕ್ಕ ಹಾಕಿ ಹೇಳುತ್ತದೆ, ಟೇಪ್ ಹಿಡಿದು ಅಳೆದು ಹೇಳುವುದಿಲ್ಲ. ಟಿವಿಯಲ್ಲಿ ಬರುವ ಬೊಂಬೆಯಂಥ ಚಿತ್ರ ತುಂಬ ಚೆನ್ನಾಗಿರುವುದರಿಂದ ಅದು ತಪ್ಪಿರಲಾರದು ಎಂದು ನಾವು ನಂಬುತ್ತೇವೆ.

ಎಣಿಕೆ ಬೇರೆ, ಅಳತೆ ಬೇರೆ

ಇಲ್ಲಿ ನನ್ನ ಕಾಮರ್ಸ್ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಸರ್ ಬಿಡುವುದಿಲ್ಲ. ಹಾಗಿರುವಾಗ ಫುಟ್‌ಬಾಲ್‌ನಲ್ಲಿ ಒಂದು ಸೆಂಟಿಮೀಟರ್ ಯಾಕೆ ಬಿಡಬೇಕು?

ಉತ್ತರ ಸುಲಭ. ರೂಪಾಯಿಯನ್ನು ಎಣಿಸುತ್ತೇವೆ. ಎಣಿಕೆಯಲ್ಲಿ ತಪ್ಪಿಗೆ ಕ್ಷಮೆ ಇಲ್ಲ, ಯಾಕೆಂದರೆ ಪೂರ್ತಿ ಸರಿಯಾಗಿ ಎಣಿಸಲು ಸಾಧ್ಯ. ಓಡುವ ಮನುಷ್ಯನನ್ನು ಎಣಿಸಲು ಆಗುವುದಿಲ್ಲ, ಅಳೆಯಬೇಕು. ಯಾವ ಅಳತೆಗೂ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸೈನ್ಸ್ ವಿಭಾಗದವರು ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ಉತ್ತರದ ಜೊತೆಗೆ ತಪ್ಪಿನ ಪ್ರಮಾಣವನ್ನೂ ಬರೆಯುತ್ತಾರಲ್ಲ, ಹಾಗೆ.

ಅದೂ ಅಲ್ಲದೆ ನಮ್ಮ ಅಕೌಂಟೆನ್ಸಿಯಲ್ಲೇ ಮೆಟೀರಿಯಾಲಿಟಿ ಎಂಬ ತತ್ವ ಇದೆ. ಫಸ್ಟ್ ಪಿಯುಸಿಯಲ್ಲೇ ಓದಿದ್ದೇವೆ. ಆಫೀಸಿಗೆ ಕೊಂಡ ಕಸದ ಬುಟ್ಟಿ ಐದು ವರ್ಷ ಬಾಳಿಕೆ ಬರುತ್ತದೆ. ಆದರೂ ಅದನ್ನು ಕಟ್ಟಡ, ಯಂತ್ರಗಳ ಹಾಗೆ ಆಸ್ತಿ ಎಂದು ಬರೆದು ಪ್ರತಿ ವರ್ಷ ಸವಕಳಿ ಕಳೆಯುವುದಿಲ್ಲ. ಆ ವರ್ಷದ ಖರ್ಚು ಎಂದು ಬರೆದು ಮುಗಿಸುತ್ತೇವೆ. ಯಾಕೆ? ಆ ಮೊತ್ತದಿಂದ ಲೆಕ್ಕ ಓದುವವನ ನಿರ್ಧಾರ ಬದಲಾಗುವುದಿಲ್ಲ. ಸಣ್ಣದನ್ನು ಸಣ್ಣದಾಗಿಯೇ ನೋಡು ಎಂಬುದು ಸೋಮಾರಿತನವಲ್ಲ, ಶಿಸ್ತು. ಆಫ್‌ಸೈಡ್‌ನಲ್ಲೂ ಇದೇ ಪ್ರಶ್ನೆ ಕೇಳಬೇಕು. ಈ ಎರಡು ಸೆಂಟಿಮೀಟರ್‌ನಿಂದ ಸ್ಟ್ರೈಕರ್‌ಗೆ ಆಟದಲ್ಲಿ ನಿಜವಾದ ಲಾಭ ಸಿಕ್ಕಿತೇ?

ಗೋಲ್ ಗೆರೆಯ ವಿಷಯ ಬೇರೆ, ಅದನ್ನೂ ಒಪ್ಪುತ್ತೇನೆ. ಅದು ನೆಲದ ಮೇಲೆ ಬಣ್ಣದಲ್ಲಿ ಬರೆದ ಗೆರೆ, ಅಲುಗಾಡುವುದಿಲ್ಲ. ಚೆಂಡು ಪೂರ್ತಿ ದಾಟಿತೋ ಇಲ್ಲವೋ ಎಂದು ಸೂಕ್ಷ್ಮವಾಗಿ ನೋಡಬಹುದು. ಆಫ್‌ಸೈಡ್ ಗೆರೆ ಹಾಗಲ್ಲ. ಅದು ಡಿಫೆಂಡರ್ ಜೊತೆ ಓಡಾಡುವ ಗೆರೆ. ಒಂದು ಕ್ಷಣ ಮಾತ್ರ ಇರುತ್ತದೆ, ಆಮೇಲೆ ಇರುವುದಿಲ್ಲ.

ಕ್ರಿಕೆಟ್‌ನಿಂದ ಕಲಿಯಬಹುದಾದದ್ದು

ಡಿಆರ್‌ಎಸ್‌ನಲ್ಲಿ ಎಲ್‌ಬಿಡಬ್ಲ್ಯು ಪರಿಶೀಲಿಸುವಾಗ ಚೆಂಡು ಸ್ಟಂಪ್‌ಗೆ ತಾಗುತ್ತಿತ್ತು ಎಂದು ಯಂತ್ರ ತೋರಿಸುತ್ತದೆ. ಆದರೆ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ತಾಗುವಂತಿದ್ದರೆ ‘ಅಂಪೈರ್ಸ್ ಕಾಲ್’. ಅಂಪೈರ್ ಔಟ್ ಕೊಟ್ಟಿದ್ದರೆ ಔಟ್, ಕೊಡದಿದ್ದರೆ ನಾಟೌಟ್. ಇದರ ಅರ್ಥ ಏನು? ಇಲ್ಲಿಂದ ಮುಂದೆ ನಾನು ಖಚಿತವಾಗಿ ಹೇಳಲಾರೆ, ಹತ್ತಿರದಲ್ಲಿ ನಿಂತು ನೋಡಿದವನ ಮಾತಿಗೆ ಬೆಲೆ ಕೊಡಿ ಎಂದು ಯಂತ್ರವೇ ಒಪ್ಪಿಕೊಂಡ ಹಾಗೆ. ಆರಂಭದಲ್ಲಿ ಡಿಆರ್‌ಎಸ್ ಬೇಡ ಎಂದು ಹಟ ಹಿಡಿದಿದ್ದ ಭಾರತ ಕೂಡ 2016ರಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಸರಣಿಯಲ್ಲಿ ಅದನ್ನು ಒಪ್ಪಿಕೊಂಡಿತು.

ಫುಟ್‌ಬಾಲ್‌ನಲ್ಲಿ ಇಂಥದ್ದು ಸಾಧ್ಯವೇ ಇಲ್ಲ ಎನ್ನಲಾಗದು. 2021-22ರ ಋತುವಿನಿಂದ ಪ್ರೀಮಿಯರ್ ಲೀಗ್‌ನಲ್ಲಿ ಗೆರೆಗಳನ್ನು ದಪ್ಪ ಮಾಡಿ, ಅನುಮಾನದ ಲಾಭವನ್ನು ಗೋಲು ಹೊಡೆಯುವವನಿಗೆ ಕೊಟ್ಟರು. ಅದು ಒಳ್ಳೆಯ ಹೆಜ್ಜೆ. ಅದನ್ನು ಒಂದು ಲೀಗ್‌ನ ಔದಾರ್ಯಕ್ಕೆ ಬಿಡದೆ ನಿಯಮದ ಪುಸ್ತಕದಲ್ಲೇ ಬರೆಯಬೇಕು ಎನ್ನುವುದು ನನ್ನ ಮಾತು.

ಗೆರೆ ದಪ್ಪ ಮಾಡಿದರೆ ಜಗಳ ಆ ದಪ್ಪ ಗೆರೆಯ ಅಂಚಿಗೆ ಹೋಗುತ್ತದೆ ಅಷ್ಟೇ ಎಂದು ಕೆಲವರು ಹೇಳುತ್ತಾರೆ. ಹೌದು, ಗೆರೆ ಎಲ್ಲಿ ಎಳೆದರೂ ಅಂಚಿನಲ್ಲಿ ಜಗಳ ಇರುತ್ತದೆ. ಆದರೆ ಎರಡು ಜಗಳಗಳೂ ಒಂದೇ ಅಲ್ಲ. ಈಗ ಆಫ್‌ಸೈಡ್ ಆಗಿದ್ದಾನೋ ಇಲ್ಲವೋ ಖಚಿತವಿಲ್ಲದವನ ಗೋಲೂ ರದ್ದಾಗುತ್ತದೆ. ನಾನು ಹೇಳುವ ಪದ್ಧತಿಯಲ್ಲಿ ಮೈದಾನದಲ್ಲಿ ಕೊಟ್ಟ ಗೋಲನ್ನು ವಿಡಿಯೊ ರದ್ದು ಮಾಡುವುದು, ಅವನು ಆಫ್‌ಸೈಡ್ ಎಂದು ಖಚಿತವಾದಾಗ ಮಾತ್ರ. ಇಡೀ ದೇಹ ಡಿಫೆಂಡರ್‌ನನ್ನು ದಾಟಿದ್ದರೆ ಮಾತ್ರ ಆಫ್‌ಸೈಡ್ ಎನ್ನಬೇಕು ಎಂದು ಆರ್ಸೆನ್ ವೆಂಗರ್ ಸೂಚಿಸಿದ್ದಾರೆ. ಅದು ಗೆರೆಯ ಜಾಗವನ್ನು ಬದಲಿಸುತ್ತದೆ, ಮಿಲಿಮೀಟರ್ ಜಗಳವನ್ನು ನಿಲ್ಲಿಸುವುದಿಲ್ಲ. ಕಾಲ್ಬೆರಳಿನ ಬದಲು ಹಿಮ್ಮಡಿ ಅಳೆಯುತ್ತೇವೆ, ಅಷ್ಟೇ.

ಇನ್ನೊಬ್ಬ ಗೆಳೆಯ ಇದಕ್ಕಿಂತ ಕಷ್ಟದ ಪ್ರಶ್ನೆ ಕೇಳಿದ. “ನೀನು ಹೇಳುವ ನಿಯಮ ಅವತ್ತು ಇದ್ದು, ಲೌಟಾರೊ ಆ ಅಂತರದೊಳಗೆ ಬಂದಿದ್ದರೆ ಸೌದಿ 2-0 ಹಿಂದೆ ಬೀಳುತ್ತಿತ್ತಲ್ಲೋ! ಆಗ ಏನು ಹೇಳ್ತಿದ್ದೆ?” ಬೇಜಾರಾಗುತ್ತಿತ್ತು. ಆದರೂ ಇದನ್ನೇ ಹೇಳುತ್ತಿದ್ದೆ. ನಮಗೆ ಇಷ್ಟವಾದ ತಂಡ ಗೆದ್ದಾಗ ಸರಿ, ಸೋತಾಗ ತಪ್ಪು ಎನ್ನುವ ನಿಯಮ ನಿಯಮವೇ ಅಲ್ಲ. ಅವತ್ತಿನ ಸೌದಿ ಡಿಫೆಂಡರ್‌ಗಳ ಧೈರ್ಯವನ್ನು ನಾನು ಮರೆತಿಲ್ಲ. ಮೆಸ್ಸಿಯ ಎದುರು ಗೋಲಿನಿಂದ ಅಷ್ಟು ಮುಂದೆ ಬಂದು ಸಾಲು ಕಟ್ಟಿ ನಿಂತರು. ಅಂಥ ತಂಡಕ್ಕೆ ದೊಡ್ಡ ಹೆಸರಿಗೆ ಬಾಗದ ಯಂತ್ರ ಒಳ್ಳೆಯ ಕಾವಲು. ಅದಕ್ಕಾಗಿಯೇ ವಿಡಿಯೊ ಬೇಡ ಎನ್ನುವವರ ಜೊತೆ ನಾನಿಲ್ಲ.

ವಿಡಿಯೊ ಇಲ್ಲದಿದ್ದರೆ ಏನಾಗುತ್ತದೆ?

ಸ್ವೀಡನ್‌ನಲ್ಲಿ ಹೆಚ್ಚಿನ ಕ್ಲಬ್‌ಗಳು ಬೇಡ ಎಂದಿದ್ದರಿಂದ 2024ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ವಿಎಆರ್ ತರುವ ಕೆಲಸ ಕೈಬಿಟ್ಟಿತು. ಅದೇ ವರ್ಷ ಇಂಗ್ಲೆಂಡ್‌ನಲ್ಲಿ ವುಲ್ವ್ಸ್ ಕ್ಲಬ್ ವಿಎಆರ್ ತೆಗೆಯಿರಿ ಎಂದು ಮತಕ್ಕೆ ಹಾಕಿ 19-1ರಿಂದ ಸೋತಿತು. ಹತ್ತೊಂಬತ್ತು ಕ್ಲಬ್‌ಗಳು ಬೇಕು ಎಂದದ್ದಕ್ಕೆ ಕಾರಣ ಇದೆ.

2010ರ ಜೂನ್ 27ರಂದು ವಿಶ್ವಕಪ್‌ನಲ್ಲಿ ಮೆಕ್ಸಿಕೊ ವಿರುದ್ಧ ಅರ್ಜೆಂಟೀನಾದ ಕಾರ್ಲೋಸ್ ಟೆವೆಜ್ ಹೊಡೆದ ಮೊದಲ ಗೋಲು ಸ್ಪಷ್ಟ ಆಫ್‌ಸೈಡ್ ಆಗಿತ್ತು. ಅದರ ರಿಪ್ಲೇ ಸ್ಟೇಡಿಯಂನ ದೊಡ್ಡ ಪರದೆಯ ಮೇಲೆ ಬಂತು. ಆಟಗಾರರು ನೋಡಿದರು, ಪ್ರೇಕ್ಷಕರು ನೋಡಿದರು. ಆದರೂ ಅದನ್ನು ಆಧರಿಸಿ ತೀರ್ಪು ಬದಲಿಸಲು ಆಗಿನ ನಿಯಮದಲ್ಲಿ ಅವಕಾಶ ಇರಲಿಲ್ಲ. ಇಡೀ ಸ್ಟೇಡಿಯಂಗೆ ಗೊತ್ತಿದ್ದ ಸತ್ಯವನ್ನು ರೆಫರಿ ಮಾತ್ರ ಬಳಸುವಂತಿರಲಿಲ್ಲ. ಅದೇ ದಿನ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಗೋಲ್ ಗೆರೆ ದಾಟಿದ್ದರೂ ಗೋಲು ಸಿಗಲಿಲ್ಲ.

ನಮ್ಮ ದೇಶಕ್ಕೇ ಇಂಥ ಏಟು ಬಿದ್ದಿದೆ. 2024ರ ಜೂನ್ 11ರಂದು ಕತಾರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಲಾಲಿಯನ್‌ಜುವಾಲಾ ಛಾಂಗ್ಟೆ ಗೋಲಿನಿಂದ ಭಾರತ 1-0 ಮುಂದಿತ್ತು. ಗೆದ್ದರೆ ಮೂರನೇ ಸುತ್ತಿಗೆ ಹೋಗುವ ಅವಕಾಶ. 73ನೇ ನಿಮಿಷದಲ್ಲಿ ಚೆಂಡು ಗೋಲ್ ಗೆರೆಯಾಚೆ ಹೊರಗೆ ಹೋಯಿತು. ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್, ಅಂದಿನ ನಾಯಕ ಗುರ್‌ಪ್ರೀತ್ ಸಿಂಗ್ ಸಂಧು ಅಲ್ಲೇ ಇದ್ದರು. ಕತಾರ್ ಆಟಗಾರನೊಬ್ಬ ಹೊರಗೆ ಹೋದ ಚೆಂಡನ್ನು ಒಳಗೆ ಎಳೆದ, ಯೂಸುಫ್ ಐಮೆನ್ ಗೋಲು ಹೊಡೆದ. ರೆಫರಿ ಗೋಲು ಕೊಟ್ಟರು. ಆ ಪಂದ್ಯಕ್ಕೆ ವಿಎಆರ್ ಇರಲಿಲ್ಲ. ಭಾರತ 2-1ರಿಂದ ಸೋತು ಹೊರಬಿತ್ತು. ಎರಡು ವರ್ಷಗಳ ಹಿಂದೆ ಚೆಂಡಿನೊಳಗೇ ಸೆನ್ಸರ್ ಇಟ್ಟು ವಿಶ್ವಕಪ್ ಆಡಿಸಿದ ಅದೇ ದೇಶದಲ್ಲಿ, ಹೊರಗೆ ಹೋದ ಚೆಂಡನ್ನು ನೋಡಲು ಒಂದು ಕ್ಯಾಮೆರಾ ಕೂಡ ಭಾರತದ ನೆರವಿಗೆ ಬರಲಿಲ್ಲ.

ಈ ಎರಡು ಸಂಗತಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಒಂದು ಕಡೆ ಕಂಕುಳು ಅಳೆಯಲು ಕೋಟಿಗಟ್ಟಲೆ ಖರ್ಚು. ಇನ್ನೊಂದು ಕಡೆ ಕಣ್ಣಿಗೆ ಕಾಣುವ ತಪ್ಪನ್ನು ತಿದ್ದಲೂ ವ್ಯವಸ್ಥೆ ಇಲ್ಲ. ಕೂದಲೆಳೆಗೆ ಖರ್ಚು ಮಾಡುವುದನ್ನು ಬಿಟ್ಟು, ದೊಡ್ಡ ತಪ್ಪನ್ನು ಎಲ್ಲರಿಗೂ ತಿದ್ದಿಕೊಡುವುದು ನ್ಯಾಯ. ಇದಕ್ಕೆ ದಾರಿ ಇದೆ. ಫಿಫಾ 2024ರಲ್ಲಿ 20 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ‘ಫುಟ್‌ಬಾಲ್ ವಿಡಿಯೊ ಸಪೋರ್ಟ್’ ಎಂಬ ಪದ್ಧತಿಯನ್ನು ಪ್ರಯೋಗಿಸಿತು. ವಿಡಿಯೊ ಕೊಠಡಿಯಲ್ಲಿ ಬೇರೆ ರೆಫರಿಗಳು ಬೇಕಿಲ್ಲ. ಕ್ರಿಕೆಟ್ ರಿವ್ಯೂ ಹಾಗೆ ಪ್ರತಿ ಕೋಚ್‌ಗೆ ಎರಡು ಮನವಿ, ಸರಿಯಾದರೆ ಮನವಿ ಉಳಿಯುತ್ತದೆ. ಮೈದಾನದ ರೆಫರಿಯೇ ಪರದೆ ನೋಡಿ ತೀರ್ಮಾನಿಸುತ್ತಾರೆ. ಕ್ಯಾಮೆರಾ ಕಡಿಮೆ ಇರುವ ಲೀಗ್‌ಗಳಿಗೆ, ನಮ್ಮಂಥ ದೇಶಗಳಿಗೆ ಇದು ಸರಿಹೊಂದುತ್ತದೆ.

ಯಂತ್ರ ಬಂದರೂ ಮನುಷ್ಯರು ಸರಿಯಾಗಿ ಮಾತಾಡಿಕೊಳ್ಳಬೇಕು ಎಂಬುದಕ್ಕೂ ಒಂದು ಪಾಠ ಇದೆ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದಾಗ ಮೈದಾನದಲ್ಲಿ ಆಫ್‌ಸೈಡ್ ಎಂದರು. ವಿಡಿಯೊ ಕೊಠಡಿಯಲ್ಲಿ ಗೆರೆ ಸರಿಯಾಗಿಯೇ ಬಂತು, ಆಫ್‌ಸೈಡ್ ಇರಲಿಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದು ತಿಳಿದ ವಿಡಿಯೊ ರೆಫರಿ ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು. ಆಟ ಮತ್ತೆ ಶುರುವಾಯಿತು, ತಪ್ಪು ಗೊತ್ತಾದರೂ ನಿಲ್ಲಿಸಲಿಲ್ಲ. ಲಿವರ್‌ಪೂಲ್ 2-1ರಿಂದ ಸೋತಿತು. ಕ್ರಿಕೆಟ್‌ನಲ್ಲಿ ಥರ್ಡ್ ಅಂಪೈರ್ ಮಾತಾಡುವುದನ್ನು ನಾವು ಮನೆಯಲ್ಲಿ ಕೂತು ಕೇಳುತ್ತೇವೆ. ಅವತ್ತು ಆ ಮಾತು ಎಲ್ಲರಿಗೂ ಕೇಳುತ್ತಿದ್ದರೆ ಸ್ಟೇಡಿಯಂನ ಸಣ್ಣ ಹುಡುಗ ಕೂಡ ತಪ್ಪು ಹಿಡಿಯುತ್ತಿದ್ದ.

ನಮ್ಮ ಮೈದಾನದಲ್ಲಿ

ಕೊನೆಗೆ ನಮ್ಮ ಇಂಟರ್‌ಕ್ಲಾಸ್ ಟೂರ್ನಮೆಂಟ್ ಬಗ್ಗೆ. ಕಾಲೇಜಿಗೆ ಮೊಬೈಲ್ ತರುವಂತಿಲ್ಲ ಎಂಬ ನಿಯಮ ಇದೆ. ಆದರೆ ಪಂದ್ಯದ ದಿನ ಮೈದಾನದ ಸುತ್ತ ಅದು ಹೇಗೋ ಹುಟ್ಟಿಕೊಳ್ಳುತ್ತದೆ. ಗೋಲು ಬಿದ್ದ ತಕ್ಷಣ ನಾಲ್ಕು ಜನ ನಾಲ್ಕು ವಿಡಿಯೊ ಹಿಡಿದು ರೆಫರಿ ಆದ ಸೀನಿಯರ್ ಹತ್ತಿರ ಓಡುತ್ತಾರೆ. ಸಂಜೆ ವಾಟ್ಸ್‌ಆಪ್ ಗ್ರೂಪ್‌ನಲ್ಲಿ ಲೈನ್ಸ್‌ಮನ್ ಆಗಿ ಬಾವುಟ ಹಿಡಿದವನ ಮೇಲೆ ಮೀಮ್ ಬರುತ್ತದೆ. ಅವನು ಬಿಸಿಲಲ್ಲಿ ಒಂದು ಗಂಟೆ ಪುಕ್ಕಟೆ ಓಡಿದವನು. ಹೀಗೆ ಮುಂದುವರಿದರೆ ಮುಂದಿನ ವರ್ಷ ಬಾವುಟ ಹಿಡಿಯಲು ಯಾರೂ ಸಿಗುವುದಿಲ್ಲ.

ಅಂಥ ವಿಡಿಯೊ ಯಾಕೆ ಸಾಕ್ಷಿಯಲ್ಲ ಎಂದು ಎಲ್ಲರೂ ತಿಳಿದುಕೊಳ್ಳಬೇಕು. ಕ್ಯಾಮೆರಾ ಕೊನೆಯ ಡಿಫೆಂಡರ್‌ನ ನೇರಕ್ಕೆ ಇಲ್ಲದಿದ್ದರೆ ಚಿತ್ರ ಮೋಸ ಮಾಡುತ್ತದೆ. ಓರೆಯಿಂದ ತೆಗೆದರೆ ಸಮಕ್ಕೆ ಇರುವ ಇಬ್ಬರಲ್ಲಿ ಒಬ್ಬ ಮುಂದಿದ್ದಂತೆ ಕಾಣುತ್ತದೆ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನ್‌ನ ಎರಡನೇ ಗೋಲು ನೆನಪಿದೆಯೇ? ಮಿತೋಮಾ ಚೆಂಡನ್ನು ಒಳಗೆ ಕಳಿಸುವ ಮೊದಲೇ ಅದು ಹೊರಗೆ ಹೋಗಿದೆ ಎಂದು ಪಕ್ಕದಿಂದ ತೆಗೆದ ಚಿತ್ರ ನೋಡಿದವರು ಆಣೆ ಇಟ್ಟರು. ನೇರ ಮೇಲಿನಿಂದ ನೋಡಿದಾಗ ಚೆಂಡಿನ ಒಂದು ಅಂಚು ಇನ್ನೂ ಗೆರೆಯ ಮೇಲೇ ಇತ್ತು. ದೊಡ್ಡ ಕ್ಯಾಮೆರಾಗಳ ಕಥೆಯೇ ಹೀಗಿದ್ದರೆ ಬೇವಿನ ಮರದ ಕೆಳಗೆ ನಿಂತು ತೆಗೆದ ಮೊಬೈಲ್ ವಿಡಿಯೊ ಏನು ಹೇಳೀತು?

ತೀರ್ಪು ಒಪ್ಪದೆ ಮೈದಾನ ಬಿಟ್ಟು ಹೋಗುವವರಿಗೂ ಒಂದು ಮಾತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ಸುನಿಲ್ ಛೆಟ್ರಿ ಬೇಗನೆ ಹೊಡೆದ ಫ್ರೀ ಕಿಕ್ ಗೋಲನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ತಂಡ ಹೊರನಡೆಯಿತು. ಪಂದ್ಯ ಬೆಂಗಳೂರಿಗೆ ಹೋಯಿತು, ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಆಗ ಇನ್ನೂ ಹೆಚ್ಚುವರಿ ಸಮಯದ ಮೊದಲ ಅರ್ಧ ನಡೆಯುತ್ತಿತ್ತು. ಆಡಿದ್ದರೆ ಗೋಲು ತೀರಿಸಲು ಸಮಯ ಇತ್ತು.

ಆದ್ದರಿಂದ ಫಿಸಿಕಲ್ ಎಜುಕೇಶನ್ ಸರ್ ಮತ್ತು ಕ್ರೀಡಾ ಸಮಿತಿಯ ಮುಂದೆ ಮೂರು ಮನವಿ ಇಡುತ್ತೇನೆ. ಒಂದು, ಟೂರ್ನಮೆಂಟ್‌ಗೆ ಮೊದಲು ಎಲ್ಲ ನಾಯಕರನ್ನು ಕೂರಿಸಿ ಆಫ್‌ಸೈಡ್ ನಿಯಮವನ್ನು ಅರ್ಧ ಗಂಟೆ ವಿವರಿಸಿ. ಎರಡು, ಆಡುವ ಎರಡು ತರಗತಿಗಳಿಗೂ ಸೇರದವರನ್ನೇ ಲೈನ್ಸ್‌ಮನ್ ಮಾಡಿ, ಮತ್ತು ಅನುಮಾನ ಬಂದರೆ ಬಾವುಟ ಎತ್ತಬೇಡಿ ಎಂದು ಅವರಿಗೆ ಹೇಳಿ. ಮೂರು, ಪಂದ್ಯದ ವಿಡಿಯೊ ತೋರಿಸಿ ಜಗಳ ತೆಗೆದರೆ ಆ ತಂಡದ ನಾಯಕನಿಗೆ ಹಳದಿ ಕಾರ್ಡ್ ಕೊಡಿ.

ನಮ್ಮ ಹತ್ತಿರ 12 ಕ್ಯಾಮೆರಾ ಇಲ್ಲ, ಚೆಂಡಿನಲ್ಲಿ ಸೆನ್ಸರ್ ಇಲ್ಲ. ಇರುವುದು ಬಾವುಟ ಹಿಡಿದ ಇಬ್ಬರು ಹುಡುಗರು. ಅವರಿಗೆ ಕಂಡಷ್ಟು ಅವರು ಹೇಳುತ್ತಾರೆ, ಅದನ್ನು ಒಪ್ಪಿ ಆಡುವುದು ನಮ್ಮ ಕೆಲಸ. ಈ ಸಲ ನಮ್ಮ ತರಗತಿಯ ಮೊದಲ ಪಂದ್ಯಕ್ಕೆ ಆ ಎರಡು ಬಾವುಟ ಹಿಡಿಯುವವರು ಯಾರು ಎಂದು ಈಗಲೇ ಹೆಸರು ಕೊಡಿ.